ಕಡತವನ್ನು ಬಿಡಿಸಬೇಡಿ: ವಿಶ್ವವಿದ್ಯಾಲಯದ ಪತ್ರಾಗಾರ ಮತ್ತು ಆಡಳಿತ ದಾಖಲೆಗಳು

ಮಾನ್ಯ ಕುಲಪತಿಗಳೇ, ಕುಲಸಚಿವರೇ, ವಿಭಾಗಗಳ ಮುಖ್ಯಸ್ಥರೇ, ಕಚೇರಿ ಅಧೀಕ್ಷಕರೇ, ಗ್ರಂಥಾಲಯದ ಹಾಗೂ ಪತ್ರಾಗಾರದ ಗೆಳೆಯರೇ,

ಇಂದು ಜೂನ್ 9. ಯುನೆಸ್ಕೋದ ಆಶ್ರಯದಲ್ಲಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಹುಟ್ಟಿದ್ದು 1948ರ ಇದೇ ದಿನ. ಆದ್ದರಿಂದಲೇ ಇದು ಅಂತರರಾಷ್ಟ್ರೀಯ ಪತ್ರಾಗಾರ ದಿನ. ಇಂಥ ದಿನ ಹಳೆಯ ಭಾವಚಿತ್ರಗಳನ್ನೂ ಮೊದಲ ಘಟಿಕೋತ್ಸವದ ಆಮಂತ್ರಣ ಪತ್ರಿಕೆಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ವಾಡಿಕೆ. ನಾನು ಮಾತಾಡಲು ಬಂದಿರುವುದು ಇನ್ನೂ ಹಳತಾಗದ ಕಾಗದಗಳ ಬಗ್ಗೆ, ಅಂದರೆ ಈ ಹೊತ್ತಿನಲ್ಲಿ ನಿಮ್ಮ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿರುವ ಕಡತಗಳ ಬಗ್ಗೆ. ಪತ್ರಾಗಾರದ ಭವಿಷ್ಯ ನಮ್ಮ ಉಗ್ರಾಣದಲ್ಲಿ ತೀರ್ಮಾನವಾಗುವ ಮೊದಲೇ ನಿಮ್ಮ ಕಚೇರಿಯಲ್ಲಿ ಬಹುಪಾಲು ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕೇಂಬ್ರಿಜ್‌ನಲ್ಲಿ ನಡೆದ ಘಟನೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೂ ಅದನ್ನು ವಿವರವಾಗಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1381ರ ಜೂನ್ ತಿಂಗಳು; ಇಂಗ್ಲೆಂಡಿನಲ್ಲಿ ರೈತರ ದಂಗೆ ಊರಿಂದೂರಿಗೆ ಹಬ್ಬುತ್ತಿತ್ತು. ಕೇಂಬ್ರಿಜ್ ಪಟ್ಟಣದವರಿಗೂ ವಿಶ್ವವಿದ್ಯಾಲಯಕ್ಕೂ ಮೊದಲಿನಿಂದ ವೈಮನಸ್ಯವಿತ್ತು. ಗುಂಪು ಗ್ರೇಟ್ ಸೇಂಟ್ ಮೇರಿ ಚರ್ಚಿಗೆ ನುಗ್ಗಿ, ಅಲ್ಲಿದ್ದ ವಿಶ್ವವಿದ್ಯಾಲಯದ ಪೆಟ್ಟಿಗೆಯನ್ನು ಒಡೆದು, ಅದರೊಳಗಿನ ಸನ್ನದುಗಳನ್ನೂ ಇತರ ಪತ್ರಗಳನ್ನೂ ಮಾರುಕಟ್ಟೆಯ ಚೌಕಕ್ಕೆ ಹೊತ್ತು ತಂದು ಬೆಂಕಿಗೆ ಹಾಕಿತು. ಮಾರ್ಜರಿ ಸ್ಟಾರ್ ಎಂಬ ಮುದುಕಿ ಆ ಬೂದಿಯನ್ನು ಗಾಳಿಗೆ ತೂರುತ್ತಾ, ‘ತೊಲಗಲಿ ಈ ಪಂಡಿತರ ವಿದ್ಯೆ, ತೊಲಗಲಿ’ ಎಂದು ಕೂಗಿದಳೆಂದು ಪ್ರತೀತಿ. ವಿದ್ಯೆಯ ಮೇಲಿನ ಸಿಟ್ಟಷ್ಟೇ ಆಗಿದ್ದರೆ ಅವರು ಪುಸ್ತಕಗಳನ್ನು ಸುಟ್ಟು ಸುಮ್ಮನಾಗುತ್ತಿದ್ದರು. ಆದರೆ ವಿಶ್ವವಿದ್ಯಾಲಯದ ವಿಶೇಷ ಹಕ್ಕುಗಳಿಗೆಲ್ಲ ಆಧಾರ ಆ ಪತ್ರಗಳಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಸುಟ್ಟದ್ದು ಸಾಲದೆ, ಆ ಹಕ್ಕುಗಳನ್ನು ಬಿಟ್ಟುಕೊಟ್ಟೆವೆಂದು ವಿಶ್ವವಿದ್ಯಾಲಯದಿಂದ ಮೊಹರು ಹಾಕಿಸಿಕೊಂಡು ಪತ್ರ ಬರೆಸಿಕೊಂಡರು. ಹಳೆಯ ಪತ್ರವನ್ನು ಸುಟ್ಟವರಿಗೂ ಕೊನೆಗೆ ಹೊಸದೊಂದು ಪತ್ರವೇ ಬೇಕಾಯಿತು ಎನ್ನುವುದನ್ನು ನಾನು ನೆನೆಯದ ದಿನವಿಲ್ಲ.

ಇದಕ್ಕೊಂದು ಉತ್ತರಾರ್ಧವೂ ಇದೆ. 1430ರಲ್ಲಿ, ಸ್ಥಳೀಯ ಬಿಷಪ್ಪರ ಅಧಿಕಾರ ವಿಶ್ವವಿದ್ಯಾಲಯಕ್ಕೆ ಅನ್ವಯಿಸುತ್ತದೆಯೇ ಎಂಬ ವಿಚಾರಣೆ ನಡೆದಾಗ, ಏಳನೆಯ ಶತಮಾನದ ಇಬ್ಬರು ಪೋಪರ ಹೆಸರಿನ ಆಜ್ಞಾಪತ್ರಗಳು ವಿಶ್ವವಿದ್ಯಾಲಯದ ಪರವಾಗಿ ಮುಂದೆ ಬಂದವು. ತೀರ್ಪೂ ಅದರ ಪರವಾಯಿತು. ಕೇಂಬ್ರಿಜ್‌ನಲ್ಲಿ ವಿದ್ವಾಂಸರು ನೆಲೆಸಲು ಆರಂಭಿಸಿದ್ದೇ 1209ರ ಸುಮಾರಿಗೆ! ಆ ಆಜ್ಞಾಪತ್ರಗಳು ಕೃತಕವೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಸುಟ್ಟ ಪತ್ರಗಳ ಜಾಗಕ್ಕೇ ಇವು ಬಂದವೆಂದು ನಾನು ಹೇಳುವುದಿಲ್ಲ. ಆದರೆ ಒಂದು ಪತ್ರ ಎಲ್ಲಿಂದ ಬಂತು, ಯಾರ ವಶದಲ್ಲಿತ್ತು, ಯಾವ ಪತ್ರಗಳ ನಡುವೆ ಕುಳಿತಿತ್ತು ಎಂದು ಕೇಳುವ ವ್ಯವಸ್ಥೆ ಇಲ್ಲದ ಕಡೆ ಸುಳ್ಳು ಪತ್ರಕ್ಕೂ ನಿಜದ ಪತ್ರಕ್ಕೂ ಒಂದೇ ಗೌರವ ಸಿಗುತ್ತದೆ.

ನಮ್ಮ ಕಾಲದಲ್ಲಿ ದಾಖಲೆಗಳು ಬೆಂಕಿಗೆ ಬೀಳುವುದು ಕಡಿಮೆ. ಕಚೇರಿಯನ್ನು ಹೊಸ ಕಟ್ಟಡಕ್ಕೆ ಸಾಗಿಸುವಾಗ, ಅಧಿಕಾರಿ ನಿವೃತ್ತರಾಗುವ ವಾರದಲ್ಲಿ, ಪರಿಶೀಲನಾ ತಂಡ ಬರುತ್ತದೆಂದು ಕೊಠಡಿ ಓರಣಗೊಳಿಸುವ ಸಂಭ್ರಮದಲ್ಲಿ ಅವು ಸದ್ದಿಲ್ಲದೆ ರದ್ದಿಗೆ ಹೋಗುತ್ತವೆ. ಇನ್ನೊಂದು ಬಗೆಯ ನಷ್ಟ ಇದಕ್ಕಿಂತ ಸೂಕ್ಷ್ಮವಾದದ್ದು. ಕಾಗದ ಉಳಿದಿರುತ್ತದೆ, ಅದರ ಸಂಬಂಧ ಹರಿದುಹೋಗಿರುತ್ತದೆ.

ಒಂದು ಕಡತವನ್ನು ಬಿಚ್ಚಿ ನೋಡೋಣ. ಹೊಸ ಪದವಿ ಕೋರ್ಸ್ ಆರಂಭಿಸುವ ಪ್ರಸ್ತಾವವೆಂದು ಇಟ್ಟುಕೊಳ್ಳಿ. ಒಂದು ಕಡೆ ಟಿಪ್ಪಣಿ ಹಾಳೆಗಳು, ಇನ್ನೊಂದು ಕಡೆ ಪತ್ರವ್ಯವಹಾರ. ವಿಷಯ ನಿರ್ವಾಹಕರ ಮೊದಲ ಟಿಪ್ಪಣಿಯ ಕೆಳಗೆ ಅಧೀಕ್ಷಕರು ‘ಹಣಕಾಸು ವಿಭಾಗದ ಅಭಿಪ್ರಾಯ ಪಡೆಯಬಹುದು’ ಎಂದು ಬರೆದಿದ್ದಾರೆ. ಅಂಚಿನಲ್ಲಿ ಹಸಿರು ಶಾಯಿಯ ‘ಚರ್ಚಿಸಿ’. ಮುಂದಿನ ಟಿಪ್ಪಣಿಯ ದಿನಾಂಕ ನಾಲ್ಕು ತಿಂಗಳ ನಂತರದ್ದು. ಆ ನಡುವಿನ ದಿನಾಂಕ ಹೊತ್ತ ಒಂದು ಪತ್ರ ಇನ್ನೊಂದು ಕಡೆಯಲ್ಲಿದೆ. ಹಿರಿಯ ಪ್ರಾಧ್ಯಾಪಕರೊಬ್ಬರು ಪ್ರಯೋಗಾಲಯವಿಲ್ಲದೆ ಈ ಕೋರ್ಸ್ ಬೇಡವೆಂದು ಎರಡು ಪುಟ ವಾದಿಸಿದ್ದಾರೆ. ಆಮೇಲೆ ಪ್ರಯೋಗಾಲಯದ ಅಂದಾಜು ಪಟ್ಟಿ, ಒಂದು ನಕ್ಷೆ, ಕೊನೆಗೆ ವಿದ್ಯಾವಿಷಯಕ ಪರಿಷತ್ತಿನ ನಡವಳಿಯ ಒಂದೇ ಸಾಲು: ‘ಅನುಮೋದಿಸಲಾಯಿತು.’ ನಡವಳಿ ಪುಸ್ತಕವನ್ನಷ್ಟೇ ಉಳಿಸಿದರೆ ಆ ಒಂದು ಸಾಲು ನಮಗೆ ಸಿಗುತ್ತದೆ. ಕಡತವನ್ನು ಉಳಿಸಿದರೆ ಕೋರ್ಸಿನ ಜೊತೆಗೆ ಪ್ರಯೋಗಾಲಯ ಹೇಗೆ ಬಂತು, ಯಾರು ತಡೆದರು, ತಡೆದವರಿಂದ ಏನು ಒಳ್ಳೆಯದಾಯಿತು ಎಂಬುದೆಲ್ಲ ತಿಳಿಯುತ್ತದೆ. ಈಗ ಆ ಪ್ರಾಧ್ಯಾಪಕರು ಮುಂದೆ ಬಹಳ ಪ್ರಸಿದ್ಧರಾದರೆಂದೂ, ಅಭಿಮಾನಿಯೊಬ್ಬರು ಆ ಎರಡು ಪುಟಗಳನ್ನು ಕಡತದಿಂದ ತೆಗೆದು ‘ಗಣ್ಯರ ಪತ್ರಗಳು’ ಎಂಬ ಆಲ್ಬಮ್ಮಿಗೆ ಸೇರಿಸಿದರೆಂದೂ ಭಾವಿಸಿ. ಒಂದು ಹಾಳೆಯೂ ನಾಶವಾಗಲಿಲ್ಲ. ಆದರೆ ಆಲ್ಬಮ್ಮಿನಲ್ಲಿರುವ ಪತ್ರಕ್ಕೆ ಸಂದರ್ಭವಿಲ್ಲ, ಕಡತದಲ್ಲಿರುವ ನಾಲ್ಕು ತಿಂಗಳ ಮೌನಕ್ಕೆ ಕಾರಣವಿಲ್ಲ.

ಯಾರು, ಯಾವ ಕೆಲಸಕ್ಕಾಗಿ, ಯಾವ ಕಾಗದಗಳ ಜೊತೆಗೆ? ಪತ್ರಾಗಾರದ ಶಾಸ್ತ್ರವೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಬೆಳೆದಿದೆ. ಫ್ರಾನ್ಸಿನಲ್ಲಿ 1841ರ ಸುತ್ತೋಲೆಯೊಂದು, ಒಂದು ಸಂಸ್ಥೆಯಿಂದ ಬಂದ ದಾಖಲೆಗಳನ್ನು ಬೇರೆ ಸಂಸ್ಥೆಯ ದಾಖಲೆಗಳೊಡನೆ ಬೆರೆಸಬಾರದು ಎಂದು ವಿಧಿಸಿತು. ಪ್ರಷ್ಯದ ಪತ್ರಾಗಾರ 1881ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಚೇರಿಯಲ್ಲಿ ಅವು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಉಳಿಯಬೇಕೆಂದಿತು. ಮುಲ್ಲರ್, ಫೀತ್, ಫ್ರೌಯಿನ್ ಎಂಬ ಮೂವರು ಡಚ್ ಪತ್ರಾಗಾರಿಗಳು 1898ರ ತಮ್ಮ ಕೈಪಿಡಿಯಲ್ಲಿ ಇದನ್ನೆಲ್ಲ ನೂರು ನಿಯಮಗಳಾಗಿ ಕಟ್ಟಿಕೊಟ್ಟರು. ಗ್ರಂಥಾಲಯದ ಗೆಳೆಯರು ಪುಸ್ತಕಗಳನ್ನು ವಿಷಯವಾರು ಜೋಡಿಸುತ್ತಾರೆ, ಅದು ಸರಿ. ಪ್ರತಿ ಪುಸ್ತಕವೂ ತನ್ನಷ್ಟಕ್ಕೆ ಪೂರ್ಣ. ದಾಖಲೆ ಹಾಗಲ್ಲ. ಪಕ್ಕದ ಹಾಳೆಯಿಲ್ಲದೆ ಅದು ಅರ್ಧ ಮಾತು.

ಇನ್ನು ಸಂಗ್ರಹದ ವಿಚಾರ. ಪತ್ರಾಗಾರ ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಲೂ ಬಾರದು. ಯಾವ ದಾಖಲೆಯನ್ನು ಎಷ್ಟು ವರ್ಷ ಕಚೇರಿಯಲ್ಲಿ ಇಡಬೇಕು, ಆಮೇಲೆ ಅದನ್ನು ನಾಶ ಮಾಡಬೇಕೋ ಪತ್ರಾಗಾರಕ್ಕೆ ಕಳಿಸಬೇಕೋ ಎಂಬುದನ್ನು ದಾಖಲೆಗಳ ಅವಧಿ ಪಟ್ಟಿ ಮೊದಲೇ ಹೇಳಬೇಕು. ರಜಾ ಅರ್ಜಿ, ಸಾದಿಲ್ವಾರು ಖರ್ಚಿನ ರಸೀದಿ, ಪ್ರಶ್ನೆಪತ್ರಿಕೆ ಸಾಗಿಸಿದ ವಾಹನದ ಲಾಗ್‌ಬುಕ್ ಇವೆಲ್ಲ ಲೆಕ್ಕಪರಿಶೋಧನೆ ಮುಗಿದು ಅವಧಿ ತೀರಿದ ಮೇಲೆ ಹೋಗಬಹುದು. ಆಡಳಿತ ಮಂಡಳಿಯ ಹಾಗೂ ಪರಿಷತ್ತಿನ ಸಹಿ ಮಾಡಿದ ನಡವಳಿಗಳು, ಅವುಗಳ ಕಾರ್ಯಸೂಚಿ ಮತ್ತು ಅನುಬಂಧಗಳು, ಪರಿನಿಯಮಗಳು, ಪಠ್ಯಕ್ರಮಗಳು, ಪದವೀಧರರ ಅಧಿಕೃತ ದಾಖಲಾತಿ ವಹಿಗಳು, ಕಟ್ಟಡಗಳ ನಕ್ಷೆಗಳು, ದತ್ತಿಗಳ ಮೂಲಪತ್ರಗಳು ಎಂದಿಗೂ ಉಳಿಯಬೇಕು. ಇವೆರಡರ ನಡುವಿನ ವಿಶಾಲ ಭಾಗದಲ್ಲೇ ನಿಜವಾದ ಕಷ್ಟವಿರುವುದು.

ಆ ಕಷ್ಟದ ಬಗ್ಗೆ ದೊಡ್ಡವರಲ್ಲೇ ಒಮ್ಮತವಿರಲಿಲ್ಲ. 1922ರಲ್ಲಿ ಇಂಗ್ಲೆಂಡಿನ ಹಿಲರಿ ಜೆಂಕಿನ್ಸನ್, ಏನನ್ನು ಉಳಿಸಬೇಕೆಂದು ಆರಿಸುವ ಕೆಲಸ ಪತ್ರಾಗಾರಿಯದಲ್ಲ, ಕಚೇರಿಯದು ಎಂದರು. ಪತ್ರಾಗಾರಿ ಕೈ ಹಾಕಿದರೆ ಸಾಕ್ಷ್ಯದ ನಿಷ್ಪಕ್ಷಪಾತ ಕೆಡುತ್ತದೆಂಬುದು ಅವರ ವಾದ. ಕಾಗದದ ಮಹಾಪ್ರವಾಹವನ್ನು ಕಂಡಿದ್ದ ಅಮೆರಿಕದ ಟಿ. ಆರ್. ಶೆಲೆನ್‌ಬರ್ಗ್ 1956ರಲ್ಲಿ ಇದಕ್ಕೆ ಎದುರಾಗಿ ನಿಂತರು. ಸಂಸ್ಥೆ ಹೇಗೆ ಕೆಲಸ ಮಾಡಿತು ಎನ್ನುವುದಕ್ಕೆ ದಾಖಲೆ ಕೊಡುವ ಸಾಕ್ಷ್ಯ, ಜನರ ಹಾಗೂ ಸಂಗತಿಗಳ ಬಗ್ಗೆ ಅದು ಕೊಡುವ ಮಾಹಿತಿ, ಎರಡನ್ನೂ ತೂಗಿ ಪತ್ರಾಗಾರಿಯೇ ಆರಿಸಬೇಕು ಎಂದರು. ನಾನು ಶೆಲೆನ್‌ಬರ್ಗರ ಪಕ್ಷದವನು. ಕಚೇರಿಗೆ ತನ್ನ ಕೆಲಸಕ್ಕೆ ಬೇಕಾದದ್ದು ಗೊತ್ತು, ನೂರು ವರ್ಷದ ನಂತರ ಓದುವವರಿಗೆ ಬೇಕಾದದ್ದನ್ನು ಯೋಚಿಸಲು ಅದಕ್ಕೆ ಪುರುಸೊತ್ತಿಲ್ಲ. ಹಾಸ್ಟೆಲಿನ ಊಟದ ಬಗ್ಗೆ ವಿದ್ಯಾರ್ಥಿಗಳು ಬರೆದ ದೂರುಗಳ ಕಡತವನ್ನು ಯಾವ ಕಚೇರಿಯೂ ಸಂತೋಷದಿಂದ ಇಟ್ಟುಕೊಳ್ಳುವುದಿಲ್ಲ. ವಿದ್ಯಾರ್ಥಿ ಜೀವನದ ಇತಿಹಾಸ ಬರೆಯುವವರು ಮೊದಲು ಕೇಳುವುದು ಅದನ್ನೇ! ಆದರೆ ಜೆಂಕಿನ್ಸನ್ನರ ಎಚ್ಚರಿಕೆಯನ್ನೂ ನಾನು ಬಿಟ್ಟುಕೊಡಲಾರೆ. ಆದ್ದರಿಂದ ಯಾವ ಸರಣಿಯನ್ನು ನಾಶ ಮಾಡಿದರೂ, ಯಾರ ಒಪ್ಪಿಗೆಯಿಂದ, ಯಾವ ದಿನ, ಯಾವ ನಿಯಮದಡಿ ಮಾಡಿದೆವು ಎಂಬ ಪ್ರಮಾಣಪತ್ರ ಶಾಶ್ವತವಾಗಿ ಉಳಿಯಬೇಕು.

ಹಸ್ತಾಂತರದ ದಿನ ನಮಗೆ ಬೇಕಾದದ್ದು ಪೆಟ್ಟಿಗೆಗಳಿಗಿಂತ ಮೊದಲು ಪಟ್ಟಿ: ಪೆಟ್ಟಿಗೆಯ ಸಂಖ್ಯೆ, ಕಡತದ ಸಂಖ್ಯೆ, ವಿಷಯ, ಆರಂಭದ ಮತ್ತು ಮುಕ್ತಾಯದ ದಿನಾಂಕ. ಎರಡು ಪ್ರತಿ, ಎರಡಕ್ಕೂ ಎರಡೂ ಕಡೆಯ ಸಹಿ. ಅಂದೇ ಅದು ನಮ್ಮ ಸ್ವೀಕೃತಿ ವಹಿಯಲ್ಲಿ ದಾಖಲಾಗುತ್ತದೆ. ಆ ಕ್ಷಣದಿಂದ ಯಾರ ವಶದಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಸಿದ್ಧ. ದಯವಿಟ್ಟು ಕಳಿಸುವ ಮುನ್ನ ಕಡತಗಳನ್ನು ‘ಸರಿಯಾಗಿ ಜೋಡಿಸುವ’ ಶ್ರಮ ತೆಗೆದುಕೊಳ್ಳಬೇಡಿ. ನಿಮ್ಮ ಕಪಾಟಿನಲ್ಲಿ ಹೇಗಿದ್ದವೋ ಹಾಗೆಯೇ ಬರಲಿ.

ಈ ಮಾತಿಗೆ ನಾನು ಪದೇ ಪದೇ ಮರಳುವುದಕ್ಕೆ ಕಾರಣ ಕೊಲೋನ್. 2009ರ ಮಾರ್ಚ್ 3ರಂದು ಆ ಜರ್ಮನ್ ನಗರದ ಐತಿಹಾಸಿಕ ಪತ್ರಾಗಾರದ ಕಟ್ಟಡ, ಪಕ್ಕದಲ್ಲಿ ನಡೆಯುತ್ತಿದ್ದ ಸುರಂಗ ರೈಲು ಮಾರ್ಗದ ಕಾಮಗಾರಿಯಿಂದಾಗಿ ಕುಸಿದುಬಿತ್ತು. ಅಕ್ಕಪಕ್ಕದ ಮನೆಗಳಲ್ಲಿದ್ದ ಇಬ್ಬರು ಸತ್ತರು. ಸುಮಾರು 30 ಕಿಲೋಮೀಟರ್ ಉದ್ದದ ಕಪಾಟುಗಳಲ್ಲಿದ್ದ, ಸಾವಿರ ವರ್ಷಕ್ಕೂ ಹಿಂದಿನಿಂದ ಬಂದ ದಾಖಲೆಗಳು ಮಣ್ಣು ಮತ್ತು ಅಂತರ್ಜಲದಲ್ಲಿ ಹೂತುಹೋದವು. ಅಪಾರ ಶ್ರಮದಿಂದ ಅವುಗಳಲ್ಲಿ ಬಹುಪಾಲನ್ನು ಹೊರತೆಗೆದರು, ಒದ್ದೆಯಾದವನ್ನು ಹೆಪ್ಪುಗಟ್ಟಿಸಿ ಒಣಗಿಸಿದರು. ಆದರೂ ಆ ಕೆಲಸಕ್ಕೆ ದಶಕಗಳೇ ಬೇಕು. ಏಕೆಂದರೆ ಸಿಕ್ಕಿದ ಲಕ್ಷಾಂತರ ಚೂರುಗಳಲ್ಲಿ ಯಾವುದು ಯಾವ ಕಟ್ಟಿನದು ಎಂದು ಒಂದೊಂದಾಗಿ ಗುರುತಿಸಿ ಕೂಡಿಸಬೇಕು. ಅಲ್ಲಿ ಕಟ್ಟಡ ಕುಸಿದು ಆದದ್ದನ್ನು, ಒಂದು ಮಧ್ಯಾಹ್ನ ಕಪಾಟು ಖಾಲಿ ಮಾಡುವ ಉತ್ಸಾಹದಲ್ಲಿ ಯಾವ ಕಚೇರಿಯಲ್ಲಾದರೂ ಮಾಡಿಬಿಡಬಹುದು.

ಸಂರಕ್ಷಣೆಯ ಬಗ್ಗೆ ಹೇಳಬೇಕೆಂದಿದ್ದದ್ದು ಬಹಳ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದ್ದರಿಂದ ಕೈಗೆ ಸಿಗುವುದನ್ನಷ್ಟೇ ಹೇಳುತ್ತೇನೆ. ಹಳೆಯ ಕಡತವೊಂದರ ಮೂಲೆಯನ್ನು ಗಮನಿಸಿ. ಗುಂಡುಸೂಜಿ ತುಕ್ಕು ಹಿಡಿದು, ಆ ಕಂದು ಕಲೆ ಕೆಳಗಿನ ಹಲವು ಹಾಳೆಗಳಿಗೆ ಇಳಿದಿರುತ್ತದೆ. ಸೂಜಿ ತೆಗೆಯಲು ಹೋದರೆ ಮೂಲೆಯೇ ಪುಡಿಯಾಗಿ ಬರುತ್ತದೆ. ರಬ್ಬರ್ ಬ್ಯಾಂಡ್ ಮೊದಲು ಅಂಟಾಗಿ ಕರಗಿ, ಆಮೇಲೆ ಗಟ್ಟಿಯಾಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಹರಿದದ್ದಕ್ಕೆ ಹಚ್ಚಿದ ಸೆಲ್ಲೋಟೇಪಿನ ಪ್ಲಾಸ್ಟಿಕ್ ಉದುರಿ, ಹಳದಿ ಅಂಟು ಮಾತ್ರ ಅಕ್ಷರಗಳ ಮೇಲೆ ಉಳಿದಿರುತ್ತದೆ. ಇವನ್ನೆಲ್ಲ ನಾವು ತೆಗೆದು, ಹಾಳೆಗಳನ್ನು ಆಮ್ಲರಹಿತ ಹೊದಿಕೆಯಲ್ಲಿಟ್ಟು, ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟುತ್ತೇವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಮರದ ತಿರುಳಿನ, ಪಟಿಕ ಬೆರೆಸಿದ ಕಾಗದ ಬಳಕೆಗೆ ಬಂದದ್ದರಿಂದ, ಅನೇಕ ಕಡೆ ಇನ್ನೂರು ವರ್ಷದ ಚಿಂದಿಬಟ್ಟೆ ಕಾಗದ ಮೃದುವಾಗಿದ್ದು, ನೂರು ವರ್ಷದ ಹಾಳೆ ಮಡಚಿದರೆ ಮುರಿಯುತ್ತದೆ. ಶಾಶ್ವತವಾಗಿ ಉಳಿಯಬೇಕಾದ ನಡವಳಿಗಳನ್ನಾದರೂ ಬಹುಕಾಲ ಬಾಳುವ ಕಾಗದಕ್ಕೆಂದಿರುವ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದ ಕ್ಷಾರಯುಕ್ತ ಕಾಗದದ ಮೇಲೆ ಮುದ್ರಿಸಿ. ಉಗ್ರಾಣದ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬರುತ್ತದೆ. ನೀರಿನಲ್ಲಿ ನೆನೆದ ಕಡತಕ್ಕೆ ಎರಡು ಮೂರು ದಿನವೇ ಸಾಕು. ಅಂಥ ಸಂದರ್ಭದಲ್ಲಿ ಬಿಸಿಲಿಗೆ ಹರಡದೆ ತಕ್ಷಣ ನಮಗೆ ಕರೆ ಮಾಡಿ.

ಡಿಜಿಟಲ್ ದಾಖಲೆಗಳಿಗೆ ಪ್ರತ್ಯೇಕ ಉಪನ್ಯಾಸವೇ ಬೇಕು. ಸ್ಕ್ಯಾನ್ ಮಾಡಿದೆವು, ಮೂಲವನ್ನು ಎಸೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಅವಧಿ ಪಟ್ಟಿ ಅನುಮತಿಸದೆ ಎಸೆಯಬೇಡಿ. ಕಂಪ್ಯೂಟರಿನಲ್ಲೇ ಹುಟ್ಟಿದ ದಾಖಲೆಯನ್ನು ಪಿಡಿಎಫ್/ಎ ರೂಪದಲ್ಲಿ ಉಳಿಸಿ. ದೀರ್ಘಕಾಲದ ಉಳಿಕೆಗೆಂದೇ 2005ರಲ್ಲಿ ಪ್ರಕಟವಾದ ಮಾನ ಅದು. ಕಡತ ನಮ್ಮಲ್ಲಿಗೆ ಬಂದ ದಿನವೇ ಅದರ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಕಡತದ ಒಳಗಿನದ್ದರಿಂದ ಕಂಪ್ಯೂಟರ್ ಲೆಕ್ಕಹಾಕುವ ಬೆರಳಚ್ಚಿನಂಥ ಸಂಕೇತವನ್ನು, ಬರೆದಿಟ್ಟುಕೊಳ್ಳುತ್ತೇವೆ. ಮುಂದೆ ಒಂದು ಅಲ್ಪವಿರಾಮ ಬದಲಾದರೂ ಆ ಮೊತ್ತ ತಾಳೆಯಾಗದು. ಬೇರೆ ಬೇರೆ ಸ್ಥಳಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿಗಳಿರಬೇಕು. ಇಮೇಲಿಗೂ ಅದೇ ಮೂರು ಪ್ರಶ್ನೆ. ಒಂದು ನಿರ್ಧಾರಕ್ಕೆ ಕಾರಣವಾದ ಪತ್ರಸರಣಿ ಅಧಿಕಾರಿಯ ಖಾಸಗಿ ಖಾತೆಯಲ್ಲಿ ಉಳಿದರೆ, ಅವರು ಹೋದ ದಿನ ಕಡತದಲ್ಲಿ ಮತ್ತೊಂದು ನಾಲ್ಕು ತಿಂಗಳ ಮೌನ ಹುಟ್ಟುತ್ತದೆ.

ಪ್ರಾಧ್ಯಾಪಕರ ಖಾಸಗಿ ಸಂಗ್ರಹಗಳು, ವಿದ್ಯಾರ್ಥಿ ಸಂಘಗಳ ಕರಪತ್ರಗಳು, ಧ್ವನಿಮುದ್ರಿಕೆಗಳ ವಿಷಯವನ್ನು ಬಿಡುತ್ತಿದ್ದೇನೆ. ಆದರೆ ಪತ್ರಾಗಾರಕ್ಕೆ ಕೊಟ್ಟರೆ ಗೋಪ್ಯ ದಾಖಲೆಗಳು ಬಹಿರಂಗವಾಗುವುದಿಲ್ಲವೇ ಎಂದು ಲಿಖಿತವಾಗಿ ಬಂದಿರುವ ಪ್ರಶ್ನೆಗೆ ಉತ್ತರಿಸಲೇಬೇಕು. ಪತ್ರಾಗಾರಕ್ಕೆ ಬಂದ ಮಾತ್ರಕ್ಕೆ ದಾಖಲೆ ಎಲ್ಲರಿಗೂ ತೆರೆದುಕೊಳ್ಳುವುದಿಲ್ಲ. ವಿದ್ಯಾರ್ಥಿಗಳ ಅಂಕ, ಶಿಸ್ತುಕ್ರಮ, ಸಿಬ್ಬಂದಿಯ ಸೇವಾ ಕಡತ, ಆರೋಗ್ಯದ ವಿವರ ಇವು ನಿಗದಿಯಾದ ಮುಚ್ಚಿದ ಅವಧಿ ಮುಗಿಯುವವರೆಗೆ ಮುಚ್ಚಿಯೇ ಇರುತ್ತವೆ. ಆ ಅವಧಿಯನ್ನು ಹಸ್ತಾಂತರದ ಪಟ್ಟಿಯಲ್ಲೇ ಬರೆಯುತ್ತೇವೆ. ಬಹಿರಂಗವಾದೀತೆಂಬ ಭಯದಿಂದ ಮೊದಲೇ ಹರಿದು ಹಾಕುವುದಕ್ಕಿಂತ, ಮುಚ್ಚಿ ನಮಗೆ ಒಪ್ಪಿಸಿ.

ಬಾಗಿಲ ಬಳಿಯ ಮೇಜಿನ ಮೇಲೆ ಹಸ್ತಾಂತರ ಪಟ್ಟಿಯ ನಮೂನೆಗಳಿವೆ. ಪ್ರತಿ ವಿಭಾಗವೂ ಒಬ್ಬ ಹೊಣೆಗಾರರ ಹೆಸರನ್ನು ಅದರ ಮೇಲ್ಭಾಗದಲ್ಲಿ ಬರೆದು ಇಂದೇ ಕೊಟ್ಟರೆ, ಮುಂದಿನ ವಾರದಿಂದ ನಾವೇ ನಿಮ್ಮ ಕಚೇರಿಗಳಿಗೆ ಬಂದು, ಕಪಾಟುಗಳನ್ನು ಇದ್ದ ಹಾಗೆಯೇ ನೋಡಿ ಸಮೀಕ್ಷೆ ಆರಂಭಿಸುತ್ತೇವೆ. ನಾವು ಬರುವವರೆಗೆ ಯಾವ ಕಡತವನ್ನೂ ಬಿಡಿಸಬೇಡಿ. ವಂದನೆಗಳು.