ಕಪ್ಪ: ಬೆಂದ್ರೆ ಬಿರೀಬೇಕು

ಕ್ಯಾಮೆರಾ ಅಲುಗಾಡ್ತಿದೆ, ಸಹಿಸ್ಕೊಳ್ಳಿ, ಇದು ಜೀಪ್ ರಸ್ತೆ. ಕೊಟ್ಟಾಯಂ ಕಡೆಯ ಗುಡ್ಡ. ಎಡಕ್ಕೆ ರಬ್ಬರ್, ಬಲಕ್ಕೆ ಮರಗೆಣಸು. ಇಲ್ಲಿ ಕಪ್ಪ ಅಂತಾರೆ, ತಿರುವನಂತಪುರದ ಕಡೆ ಮರಚ್ಚೀನಿ, ಮಲಬಾರಲ್ಲಿ ಪೂಳ, ನಮ್ಮ ತುಳುವರಿಗೆ ಮರಕೆರೆಂಗ್.

ಹೊಲದಲ್ಲಿ ಎರಡು ತಳಿ ಇದೆ ನೋಡಿ. ಈಚೆ ಇಷ್ಟೂ ಸಾಲು ಮಾರೋಕೆ. ಆ ಮೂಲೇಲಿ ನೆಟ್ಟಗೆ ನಿಂತಿರೋ ಒಂದೂವರೆ ಸಾಲು ಮನೆಗೆ, ಅದು ಎಂ-4. ಮಲಯಾದಿಂದ, ಅಂದ್ರೆ ಈಗಿನ ಮಲೇಷ್ಯಾದಿಂದ, ಬಂದ ಹಳೇ ತಳಿ. ಹತ್ತು ತಿಂಗಳು ಕಾಯಬೇಕು, ಹೆಕ್ಟೇರಿಗೆ 20 ಟನ್ ಆಸುಪಾಸು, ಮೊಸಾಯಿಕ್ ರೋಗ ತಗುಲಿದ್ರೆ ಎಲೆ ಮುರುಟುತ್ತೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿರೋ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1971ರಲ್ಲೇ ಎಚ್-165, ಎಚ್-226 ಅನ್ನೋ ಮಿಶ್ರತಳಿ ಕೊಡ್ತು, ಇಳುವರಿ ಎಷ್ಟೋ ಮೇಲು. ಆದ್ರೆ ಎಚ್-165 ಬೇಯಿಸಿದ್ರೆ ಸೋಪಿನ ತುಂಡು. ಅವೆಲ್ಲ ಸೇಲಂ ಕಡೆ ಸಬ್ಬಕ್ಕಿಗೆ, ಸ್ಟಾರ್ಚಿಗೆ ಹೋಗಲಿ. ಊಟಕ್ಕೆ ಎಂ-4, ಅಷ್ಟೇ.

ಒಲೆ ಮೇಲೆ ಚೆಂಡ ಕಪ್ಪ, ಅಂದ್ರೆ ಬರೀ ನೀರಲ್ಲಿ ಬೇಯಿಸಿದ ಗೆಡ್ಡೆ. ದೊಡ್ಡ ತುಂಡು, ಗೆಡ್ಡೆ ಮುಳುಗಿ ಮೇಲೆ ನಾಲ್ಕು ಬೆರಳು ನೀರು, ಮುಚ್ಚಳ ಇಲ್ಲ. ನೀರಲ್ಲಿ ಕಂಜೂಸ್‌ತನ ಬೇಡ, ಕಹಿ ಸಯನೈಡ್ ಅಂಶ ನೀರಿನ ಜೊತೇನೇ ಹೋಗ್ಬೇಕು. ಒಂದು ಕುದಿ ಬಂತಾ, ಚೆಲ್ಲಿ, ಬೇರೆ ನೀರು. ಉಪ್ಪು ಕೊನೇಲಿ. ಈಗ ಹತ್ತಿರದಿಂದ ನೋಡಿ, ತುಂಡಿನ ತುದಿ ಹತ್ತಿ ಕಾಯಿ ಥರ ಬಿರಿದಿದೆ, ನಡುವಿನ ನಾರು ಎದ್ದು ನಿಂತಿದೆ. ತಳಿ ಚೆನ್ನಾಗಿದ್ಯಾ ಅಂತ ಇಲ್ಲಿಯ ರೈತರು ನೋಡೋದು ಇದನ್ನೇ. ಪಕ್ಕದಲ್ಲಿ ಗಾಂಧಾರಿ ಮೆಣಸು, ಸಣ್ಣ ಈರುಳ್ಳಿ ಜಜ್ಜಿದ ಚಮ್ಮಂದಿ, ನಮ್ಮ ಚಟ್ನಿ ಥರ. ಜೊತೆಗೆ ಮೀನು ಸಾರೂ ಇದೆ, ಅದರ ಹುಳಿ ಕುಡಂಪುಳಿ, ನಮ್ಮ ಮಲೆನಾಡಿನ ಉಪ್ಪಾಗೆ. ಮೀನು ಸಾರು ಮಾರನೇ ದಿನವೇ ರುಚಿ ಅಂತ ಇಲ್ಲಿಯವರ ವಾದ, ನಾನು ಒಪ್ಪಲ್ಲ... ಅಯ್ಯೋ, ಗೆಡ್ಡೆ ಕರಗ್ತಿದೆ, ಇಳಿಸಿ.

ಇದು ಬೇರೆ ಜಾಗ, ಕೆಳಗಿನ ಗದ್ದೆ. ಭತ್ತ ಕೊಯ್ದ ಮೇಲೆ ಶ್ರೀ ಜಯ ಅನ್ನೋ ಕಪ್ಪದ ತಳಿ ನೆಟ್ಟಿದಾರೆ. ಆರೇಳು ತಿಂಗಳಿಗೆ ಕೀಳಬಹುದು, ಮಳೆ ನೀರು ನಿಲ್ಲೋ ಮುಂಚೆ ಗದ್ದೆ ಖಾಲಿ. ತಿಂದು ನೋಡಿದ್ರೆ... ಮೆತ್ತಗಿದೆ, ಕಹಿ ಇಲ್ಲ. ಸರಿ, ಎಂ-4 ಬಿಟ್ರೆ ಗತಿ ಇಲ್ಲ ಅಂದಿದ್ದನ್ನ ವಾಪಸ್ ತಗೋತೀನಿ. ಕಾಯಿ, ಜೀರಿಗೆ, ಬೆಳ್ಳುಳ್ಳಿ ಅರೆದು ಕಲಸೋ ಪುಳುಕ್ಕಿಗೆ ಇದು ಸಾಕು. ಆದ್ರೆ ಹದ ಮೀರಿ ಗದ್ದೇಲೇ ಬಿಟ್ರೆ ನಾರು.

ಈಗ ನನ್ನ ಸಿಟ್ಟು. ಈ ಗೆಡ್ಡೆ ಮೊನ್ನೆ ಕಿತ್ತಿದ್ದು. ಹೊರಗೆ ಏನೂ ಇಲ್ಲ. ಅಡ್ಡಕ್ಕೆ ಕೊಯ್ದ್ರೆ ಸಿಪ್ಪೆಯ ಒಳಗೇ ಸುತ್ತಲೂ ನೀಲಿ ಗೀರು, ಶಾಯಿ ಪೆನ್ನಲ್ಲಿ ಚುಕ್ಕಿ ಇಟ್ಟ ಹಾಗೆ. ಇದು ರೋಗ ಅಲ್ಲ, ಇನ್ನೂ ಕೊಳೆತೂ ಇಲ್ಲ. ಕೀಳುವಾಗ ಗಾಯ ಆಗಿದೆ, ಅಲ್ಲಿಂದ ಗಾಳಿ ಹೊಕ್ಕಿದೆ, ಗೆಡ್ಡೆ ತಾನಾಗೇ ಕಪ್ಪಾಗ್ತಿದೆ. ಎರಡು ಮೂರು ದಿನ ಸಾಕು. ಈ ತುಂಡು ಎಷ್ಟು ಬೇಯಿಸಿದ್ರೂ ಗಟ್ಟಿ, ಜೊತೆಗೆ ಒಗರು ವಾಸನೆ. ಅಂಗಡಿಯವರು ಎರಡೂ ತುದಿ ಸವರಿ ಚೆಂದ ಮಾಡಿಟ್ಟಿರ್ತಾರಲ್ಲ, ಆ ಚೆಂದವೇ ಶತ್ರು. ಬುಡದಲ್ಲಿ ಕಾಂಡದ ತುಂಡು ಅಂಟಿರೋ ಗೆಡ್ಡೆ ತಗೊಳ್ಳಿ, ಒಂದನ್ನ ಮುರಿಸಿ ನೋಡಿ. ರೈತರ ಹತ್ರ ಇನ್ನೊಂದು ಉಪಾಯ ಇದೆ: ಕೀಳೋಕೆ ಎರಡು ವಾರ ಮುಂಚೆ ಗಿಡದ ತಲೆ ಕಡಿದು ಒಂದಡಿ ಕಾಂಡ ಉಳಿಸೋದು. ಗೀರು ತಡವಾಗಿ ಬರುತ್ತೆ, ಆದ್ರೆ ಹಿಟ್ಟಿನಂಶ ಸ್ವಲ್ಪ ಇಳಿಯುತ್ತೆ. ನನ್ನ ಕೇಳಿದ್ರೆ, ಬೇಕಾದಷ್ಟೇ ಕೀಳೋದು ವಾಸಿ. ಮಿಕ್ಕಿದ್ರೆ ನೆರಳಲ್ಲಿ ಒದ್ದೆ ಮರಳೊಳಗೆ ಹೂತಿಡಿ.

ಅಂಗಳದಲ್ಲಿ ಹರಡಿರೋದು ವಾಟ್ಟು ಕಪ್ಪ, ಅರೆಬೇಯಿಸಿ ಒಣಗಿಸೋದು. ಬಿಲ್ಲೆ ಕೊಯ್ದು, ಕುದಿಯೋ ನೀರಿಗೆ ಹಾಕಿ, ಅಂಚು ಕನ್ನಡಿ ಥರ ಆಗ್ತಿದ್ದ ಹಾಗೆ ತೆಗೆದು ಬಿಸಿಲಿಗೆ. ಪೂರ್ತಿ ಬೆಂದ್ರೆ ಮುದ್ದೆ, ಬೇಯದಿದ್ರೆ ಬೇಗ ಹುಳ. ಮೂರು ಕೆಜಿಗೂ ಹೆಚ್ಚು ಹಸಿ ಗೆಡ್ಡೆ ಹಾಕಿದ್ರೆ ಒಣಗಿದ್ದು ಒಂದು ಕೆಜಿ. ಇದಕ್ಕೆ ಮಾತ್ರ ಆರು ತಿಂಗಳ ತಳಿ ಬೇಡ, ನೀರು ಜಾಸ್ತಿ, ತೂಕ ಉಳಿಯಲ್ಲ. ಹತ್ತು ತಿಂಗಳ ಹಳೇ ತಳಿಯೇ ಬೇಕು, ಅಂದ್ರೆ ಮತ್ತೆ ಆ ಮೂಲೆಯ ಒಂದೂವರೆ ಸಾಲು. ಮುರಿದ್ರೆ ಟಪ್ ಅನ್ಬೇಕು... ಕೇಳಿಸ್ತಾ? ಇದು ಬಾಗ್ತಿದೆ, ಇನ್ನೂ ಒಂದು ದಿನ ಬಿಸಿಲು ಬೇಕು. ಒಣಗೋ ಮುಂಚೆ ನೆನೆದ್ರೆ ರಾತ್ರಿಯೊಳಗೆ ಬೂಷ್ಟು. ಆ ಮೋಡ ನೋಡಿದ್ರಾ? ಚಾಪೆಯ ಆ ತುದಿ ಹಿಡೀರಿ, ಕ್ಯಾಮೆರಾ ಕೆಳಗಿಡ್ತಿದೀನಿ.