ಪ್ಲಟೀಯದ ಗೋಡೆ, ಸ್ಪಾರ್ಟಾದ ಸೇನೆ

ಕೇಳುಗರಿಗೆ ನಮಸ್ಕಾರ.

ಪ್ರಾಚೀನ ಗ್ರೀಸಿನ ಯುದ್ಧ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಮ್ಯಾರಥಾನ್, ಥರ್ಮಾಪಿಲೆ. ಎರಡೂ ಪರ್ಷಿಯನ್ನರ ವಿರುದ್ಧ ನಡೆದ ಕದನಗಳು. ಆದರೆ ಗ್ರೀಕರು ಹೆಚ್ಚಾಗಿ ಹೊಡೆದಾಡಿದ್ದು ಗ್ರೀಕರ ಜೊತೆಗೇ, ಅದೂ ಪಕ್ಕದ ಸೀಮೆಯವರ ಜೊತೆ. ಇವತ್ತು ಅಂಥ ಜಗಳಕ್ಕೆ ಸಿಕ್ಕಿದ ಒಂದು ಸಣ್ಣ ಊರಿನ ವಿಷಯ. ಊರಿನ ಹೆಸರು ಪ್ಲಟೀಯ.

ಇದು ಬಿಯೋಷಿಯ ಪ್ರಾಂತ್ಯದಲ್ಲಿ, ಸಿಥೀರಾನ್ ಬೆಟ್ಟದ ಉತ್ತರದ ತಪ್ಪಲಿನಲ್ಲಿತ್ತು. ಆ ಪ್ರಾಂತ್ಯದ ದೊಡ್ಡ ಊರು ಥೀಬ್ಸ್ ಇಲ್ಲಿಂದ ಸುಮಾರು 13 ಕಿಲೋಮೀಟರ್. ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿದರೆ ಅಥೆನ್ಸಿನ ಸೀಮೆ. ಬಿಯೋಷಿಯದ ಎಲ್ಲ ಊರುಗಳೂ ತನ್ನ ಒಕ್ಕೂಟಕ್ಕೆ ಸೇರಬೇಕು ಎನ್ನುವುದು ಥೀಬ್ಸಿನ ಹಟ. ಸೇರುವುದಿಲ್ಲ ಎನ್ನುವುದು ಪ್ಲಟೀಯದ ಹಟ. ಕ್ರಿ.ಪೂ. 519ರ ಸುಮಾರಿಗೆ ಪ್ಲಟೀಯದವರು ಮೊದಲು ಸ್ಪಾರ್ಟಾದ ಆಸರೆ ಬೇಡಿದರು. ಸ್ಪಾರ್ಟಾದವರು, ನಾವು ಬಹಳ ದೂರ, ಹತ್ತಿರದ ಅಥೆನ್ಸನ್ನು ಕೇಳಿ ಎಂದರು. ಆ ಸಲಹೆಯಲ್ಲಿ ಪ್ಲಟೀಯದ ಹಿತಕ್ಕಿಂತ ಅಥೆನ್ಸಿಗೂ ಬಿಯೋಷಿಯದವರಿಗೂ ಜಗಳ ತಂದಿಡುವ ಲೆಕ್ಕವೇ ಹೆಚ್ಚಾಗಿತ್ತು ಎಂದು ಗ್ರೀಕರೇ ಬರೆದಿಟ್ಟಿದ್ದಾರೆ. ಲೆಕ್ಕ ಸರಿಯಾಗಿಯೇ ಕೂಡಿಬಂತು.

ಪ್ಲಟೀಯ ಕೊಟ್ಟ ಮಾತಿಗೆ ನಿಂತ ಊರು. ಕ್ರಿ.ಪೂ. 490ರಲ್ಲಿ ಮ್ಯಾರಥಾನಿಗೆ ಅಥೆನ್ಸಿನ ನೆರವಿಗೆ ಬಂದದ್ದು ಇದೊಂದೇ ಊರಿನ ದಂಡು. 479ರಲ್ಲಿ, ಗ್ರೀಸಿನ ಮೇಲೆ ದಂಡೆತ್ತಿ ಬಂದಿದ್ದ ಪರ್ಷಿಯನ್ ಸೇನೆಯನ್ನು ಗ್ರೀಸಿನ ನೆಲದಲ್ಲಿ ಕೊನೆಯ ಬಾರಿ ಸೋಲಿಸಿದ್ದು ಇದೇ ಊರಿನ ಬಯಲಿನಲ್ಲಿ. ಗೆದ್ದ ಸೇನಾಪತಿ, ಸ್ಪಾರ್ಟಾದ ಪಾಸೇನಿಯಸ್, ಈ ಊರಿನ ಸ್ವಾತಂತ್ರ್ಯವನ್ನು ಯಾರೂ ಮುಟ್ಟುವುದಿಲ್ಲವೆಂದು ಎಲ್ಲ ಮಿತ್ರರ ಎದುರು ಆಣೆ ಮಾಡಿದ್ದ. ಆ ಯುದ್ಧದಲ್ಲಿ ಥೀಬ್ಸ್ ನಿಂತದ್ದು ಪರ್ಷಿಯನ್ನರ ಕಡೆಗೆ. ಅದನ್ನು ಪ್ಲಟೀಯದವರು ಮರೆಯಲಿಲ್ಲ, ಥೀಬ್ಸಿನವರಿಗೆ ಮರೆಯಲು ಬಿಡಲೂ ಇಲ್ಲ.

ಈಗ ಕ್ರಿ.ಪೂ. 431ಕ್ಕೆ ಬರೋಣ. ಅಥೆನ್ಸಿಗೂ ಸ್ಪಾರ್ಟಾಕ್ಕೂ ದೊಡ್ಡ ಯುದ್ಧ ಇನ್ನೇನು ಶುರುವಾಗುವುದರಲ್ಲಿತ್ತು, ಶುರುವಾಗಿರಲಿಲ್ಲ. ಥೀಬ್ಸ್ ಸ್ಪಾರ್ಟಾದ ಕಡೆ, ಪ್ಲಟೀಯ ಅಥೆನ್ಸಿನ ಕಡೆ. ಆ ವಸಂತದ ಒಂದು ರಾತ್ರಿ ಮೊದಲ ಜಾವದಲ್ಲಿ 300ಕ್ಕೂ ಸ್ವಲ್ಪ ಹೆಚ್ಚು ಥೀಬ್ಸಿನ ಸೈನಿಕರು ಪ್ಲಟೀಯದ ಒಳಗೆ ನುಗ್ಗಿದರು. ಬಾಗಿಲು ತೆರೆದುಕೊಟ್ಟವರು ಊರವರೇ, ನಾಕ್ಲೈಡೀಸ್ ಮತ್ತು ಅವನ ಗುಂಪು. ವಿರೋಧಿಗಳ ಮನೆ ಹೊಕ್ಕು ಈಗಲೇ ಕೊಂದುಬಿಡಿ ಎಂದು ಆ ಗುಂಪು ಹೇಳಿತು. ಥೀಬ್ಸಿನವರು ಕೇಳಲಿಲ್ಲ. ಸಂತೆ ಚೌಕದಲ್ಲಿ ನಿಂತು, ನಮ್ಮ ಒಕ್ಕೂಟಕ್ಕೆ ಸೇರುವವರು ಬನ್ನಿ ಎಂದು ಸಾರಿದರು.

ಮೊದಲು ಹೆದರಿದ ಊರವರು ಮಾತುಕತೆ ನಡೆಯುತ್ತಿರುವಾಗಲೇ ತಲೆ ಎಣಿಸಿದರು. ಬಂದವರು ಇಷ್ಟೇ ಜನ ಎಂದು ಗೊತ್ತಾಯಿತು. ಬೀದಿಗಿಳಿದರೆ ಕಾಣುತ್ತದೆ, ಅದಕ್ಕೇ ಮನೆಮನೆಗಳ ನಡುವಿನ ಗೋಡೆ ಕೊರೆದು ಒಳಗಿಂದೊಳಗೇ ಒಂದೆಡೆ ಸೇರಿದರು. ಎತ್ತು ಬಿಚ್ಚಿದ ಗಾಡಿಗಳನ್ನು ಬೀದಿಗೆ ಅಡ್ಡ ನಿಲ್ಲಿಸಿದರು. ನಸುಕಿಗೆ ಮುಂಚೆ, ಕತ್ತಲಿರುವಾಗಲೇ ಮೇಲೆ ಬಿದ್ದರು. ಹೆಂಗಸರೂ ಆಳುಗಳೂ ಮಾಡಿನ ಮೇಲಿಂದ ಕಲ್ಲು, ಹೆಂಚು ಎಸೆದರು. ರಾತ್ರಿಯಿಡೀ ಮಳೆ, ಅಮಾವಾಸ್ಯೆ ಹತ್ತಿರದ ಕತ್ತಲು, ಕೆಸರು, ಗುರುತಿಲ್ಲದ ಓಣಿಗಳು. ಬಂದ ಬಾಗಿಲೊಂದೇ ತೆರೆದಿತ್ತು. ಅದನ್ನೂ ಊರವನೊಬ್ಬ ಮುಚ್ಚಿ, ಲಾಳವಿಂಡಿಗೆಗೆ ಹಾಕುವ ಗೂಟ ಕೈಗೆ ಸಿಗದೆ, ಈಟಿಯ ಹಿಂತುದಿಯ ಮೊಳೆಯನ್ನೇ ಅಲ್ಲಿಗೆ ತುರುಕಿಬಿಟ್ಟ. ಕೆಲವರು ಗೋಡೆಯಿಂದ ಹಾರಿ ಸತ್ತರು. ಹೆಚ್ಚಿನವರು ಗೋಡೆಗೆ ಆತುಕೊಂಡಿದ್ದ ದೊಡ್ಡ ಕಟ್ಟಡದ ಬಾಗಿಲನ್ನೇ ಊರಬಾಗಿಲೆಂದು ಭ್ರಮಿಸಿ ಒಳಗೆ ನುಗ್ಗಿ ಸಿಕ್ಕಿಬಿದ್ದರು.

ಅವರ ಹಿಂದೆ ಬರಬೇಕಿದ್ದ ದೊಡ್ಡ ಸೇನೆ ಎಲ್ಲಿ? ಅದೇ ಮಳೆಗೆ ನಡುವಿನ ಅಸೋಪಸ್ ನದಿ ಉಕ್ಕಿ, 13 ಕಿಲೋಮೀಟರ್ ದಾರಿಗೆ ರಾತ್ರಿಯೆಲ್ಲ ಹಿಡಿಯಿತು. ಅವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆರೆ ಸಿಕ್ಕವರು 180 ಜನ. ಪ್ಲಟೀಯದವರು ಅವರನ್ನೆಲ್ಲ ಕೊಂದರು. ನೀವು ಹಿಂದೆ ಸರಿದರೆ ಬಿಡುತ್ತೇವೆ ಎಂದು ಆಣೆ ಇಟ್ಟಿದ್ದರು ಎಂದು ಥೀಬ್ಸಿನವರು, ಇಟ್ಟಿರಲಿಲ್ಲ ಎಂದು ಪ್ಲಟೀಯದವರು. ಆಣೆಯ ಮಾತು ಏನೇ ಇರಲಿ, ಅದು ಕ್ರೌರ್ಯವೂ ಹೌದು, ಪೆದ್ದತನವೂ ಹೌದು. 180 ಜನ ಒತ್ತೆಯಾಳುಗಳು ಕೈಯಲ್ಲಿದ್ದಿದ್ದರೆ ಮುಂದಿನ ಚೌಕಾಸಿಯೇ ಬೇರೆಯಾಗುತ್ತಿತ್ತು. ಅವರನ್ನು ಮುಟ್ಟಬೇಡಿ ಎಂಬ ಅಥೆನ್ಸಿನ ಸುದ್ದಿ ಬಂದದ್ದು ಕೊಂದ ಮೇಲೆ. ಆಮೇಲೆ ಅಥೆನ್ಸ್ ದವಸ ತಂದು ತುಂಬಿಸಿ, ಕಾವಲು ಪಡೆಯನ್ನು ಇರಿಸಿ, ಹೆಂಗಸರು, ಮಕ್ಕಳು, ಕೈಲಾಗದವರನ್ನು ತನ್ನ ಊರಿಗೆ ಕರೆದೊಯ್ದಿತು. ಉಳಿದವರು 400 ಪ್ಲಟೀಯದವರು, 80 ಅಥೆನ್ಸಿನವರು, ಅಡುಗೆಗೆ 110 ಹೆಂಗಸರು.

429ರ ಬೇಸಿಗೆಯಲ್ಲಿ ಸ್ಪಾರ್ಟಾದ ದೊರೆ ಆರ್ಕಿಡೇಮಸ್ ಮಿತ್ರಸೇನೆಗಳ ಸಮೇತ ಬಂದು ಇಳಿದ. ಪಾಸೇನಿಯಸ್ ಮಾಡಿದ ಆಣೆ ನೆನಪಿಸಿದಾಗ ಅವನು ಒಂದು ದಾರಿ ತೋರಿಸಿದ. ಊರು, ಮನೆಗಳನ್ನು ನಮಗೆ ಒಪ್ಪಿಸಿ, ಮರಗಳನ್ನು ಎಣಿಸಿಕೊಡಿ, ಯುದ್ಧ ಮುಗಿಯುವ ತನಕ ಎಲ್ಲಿಗಾದರೂ ಹೋಗಿರಿ, ಮುಗಿದ ಮೇಲೆ ಎಲ್ಲವನ್ನೂ ಎಣಿಸಿ ಹಿಂದಿರುಗಿಸುತ್ತೇವೆ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಹೆಂಡತಿ ಮಕ್ಕಳು ಅಥೆನ್ಸಿನಲ್ಲಿದ್ದಾರೆ. ಅಥೆನ್ಸನ್ನು ಕೇಳಿದರು, ನಿಮ್ಮನ್ನು ಕೈಬಿಡುವುದಿಲ್ಲ ಎಂದು ಉತ್ತರ ಬಂತು. ಅದನ್ನು ನಂಬಿ ಬಾಗಿಲು ಮುಚ್ಚಿಕೊಂಡರು. ಅಥೆನ್ಸಿನ ಯುದ್ಧತಂತ್ರವೇ ಸ್ಪಾರ್ಟಾದ ಕಾಲಾಳುಗಳನ್ನು ಬಯಲಿನಲ್ಲಿ ಎದುರಿಸದೆ ಇರುವುದು. ಹಾಗಿರುವಾಗ ನೆರವಿನ ಸೇನೆ ಬರುವುದು ಹೇಗೆ? ಬರಲೂ ಇಲ್ಲ. ಈ ಇಡೀ ಪ್ರಕರಣದಲ್ಲಿ ಅತಿ ಸುಲಭವಾಗಿ ಆಡಿದ, ಅತಿ ದುಬಾರಿಯಾದ ಮಾತು ಇದೇ.

ಗ್ರೀಕ್ ಕಾಲಾಳು, ಅಂದರೆ ಹಾಪ್ಲೈಟ್, ಬಯಲಿನ ಕದನಕ್ಕೆ ಹೇಳಿ ಮಾಡಿಸಿದವನು. ಸುಮಾರು 90 ಸೆಂಟಿಮೀಟರ್ ಅಗಲದ, ಏಳು ಕಿಲೋ ಆಸುಪಾಸು ತೂಗುವ ಮರದ ಗುರಾಣಿ ಎಡಗೈಯಲ್ಲಿ, ಉದ್ದ ಈಟಿ ಬಲಗೈಯಲ್ಲಿ. ಸಾಲು ಒಡೆಯದಿದ್ದರೆ ಅವನು ಬಲಶಾಲಿ. ಗೋಡೆಯ ಮುಂದೆ ಈ ಸಾಮಾನೆಲ್ಲ ಬರೀ ಹೊರೆ. ಏಣಿ ಹತ್ತಲು ಎರಡೂ ಕೈ ಬೇಕು. ಕಲ್ಲು ಬೀರುವ ಯಂತ್ರಗಳು ಇನ್ನೂ ಬಂದಿರಲಿಲ್ಲ. ದೊಡ್ಡ ಬಿಲ್ಲಿನಂಥ ಮೊದಲ ಯಂತ್ರಗಳು ಸಿರಕ್ಯೂಸಿನಲ್ಲಿ ತಯಾರಾದದ್ದು 399ರಲ್ಲಿ. ಸ್ಪಾರ್ಟಾದವರಂತೂ ಗೋಡೆ ಒಡೆಯುವುದರಲ್ಲಿ ಹಿಂದೆ. ಹಿಂದೊಮ್ಮೆ ತಮ್ಮ ಸೀಮೆಯಲ್ಲಿ ದಂಗೆ ಎದ್ದವರು ಇಥೋಮೆ ಬೆಟ್ಟ ಹಿಡಿದಾಗ, ಈ ಕೆಲಸ ಬಲ್ಲವರೆಂದು ಅಥೆನ್ಸಿನವರನ್ನು ಕರೆಸಿಕೊಂಡಿದ್ದರು.

ಹಾಗಾಗಿ ಅವರು ಮಣ್ಣಿನ ದಾರಿ ಹಿಡಿದರು. ಮೊದಲು ಊರ ಸುತ್ತಲಿನ ಹಣ್ಣಿನ ಮರ ಕಡಿದು ಬೇಲಿ. ಆಮೇಲೆ ಕೋಟೆಗೋಡೆಗೆ ತಾಗಿಸಿ ದಿಬ್ಬ. ಸಿಥೀರಾನಿನಿಂದ ತಂದ ದಿಮ್ಮಿಗಳನ್ನು ಅಡ್ಡ ಉದ್ದ ಹೆಣೆದು ಎರಡು ಪಕ್ಕಕ್ಕೂ ಕಟ್ಟಿದರು. ಇಲ್ಲದಿದ್ದರೆ ಮಣ್ಣು ಅಗಲಕ್ಕೆ ಹರಡಿಕೊಳ್ಳುತ್ತದೆ, ಎತ್ತರಕ್ಕೆ ಏಳುವುದಿಲ್ಲ. ನಡುವೆ ಸೌದೆ, ಕಲ್ಲು, ಮಣ್ಣು. ಹಗಲೂ ರಾತ್ರಿಯೂ ಸರದಿಯ ಮೇಲೆ ಕೆಲಸ. ಈ ಯುದ್ಧದ ಇತಿಹಾಸ ಬರೆದಿಟ್ಟ ಗ್ರೀಕ್ ಲೇಖಕ ಥ್ಯುಸಿಡಿಡೀಸನ ಗ್ರಂಥದ ಹಸ್ತಪ್ರತಿಗಳಲ್ಲಿ 70 ದಿನ ಎಂದಿದೆ. ಅದು ಹೆಚ್ಚಾಯಿತು ಎನ್ನುವ ವಿದ್ವಾಂಸರಿದ್ದಾರೆ.

ಒಳಗಿನವರು ಸುಮ್ಮನೆ ಕೂರಲಿಲ್ಲ. ದಿಬ್ಬ ಏಳುವ ಜಾಗದಲ್ಲಿ ಗೋಡೆಯ ಮೇಲೆ ಮರದ ಚೌಕಟ್ಟು ಎಬ್ಬಿಸಿ, ಹತ್ತಿರದ ಮನೆಗಳ ಇಟ್ಟಿಗೆ ಕಿತ್ತು ತುಂಬಿದರು. ಬೆಂಕಿಬಾಣ ತಾಗದಂತೆ ಹೊರಮುಖಕ್ಕೆ ತೊಗಲು ಹೊದಿಸಿದರು. ಗೋಡೆಯ ಬುಡದಲ್ಲಿ ಕಂಡಿ ಕೊರೆದು ದಿಬ್ಬದ ಸಡಿಲ ಮಣ್ಣನ್ನು ಒಳಕ್ಕೆ ಎಳೆದುಕೊಂಡರು. ಹೊರಗಿನವರಿಗೆ ಇದು ತಿಳಿದು, ಜೊಂಡಿನ ತಡಿಕೆಯಲ್ಲಿ ಜೇಡಿಮಣ್ಣು ಸುತ್ತಿ ಆ ಸಂದಿಗೆ ತುಂಬಿದರು. ಅದು ಪುಡಿಯಾಗಿ ಉದುರುವುದಿಲ್ಲ. ಆಗ ಪ್ಲಟೀಯದವರು ಊರೊಳಗಿಂದ ಸುರಂಗ ತೋಡಿ, ದೂರ ಅಂದಾಜು ಮಾಡಿ, ದಿಬ್ಬದ ಅಡಿಯಿಂದಲೇ ಮಣ್ಣು ಕದಿಯತೊಡಗಿದರು. ಮೇಲೆ ಸುರಿದಷ್ಟೂ ದಿಬ್ಬ ಕುಸಿಯುತ್ತಲೇ ಇತ್ತು, ಬಹಳ ಕಾಲ ಯಾರಿಗೂ ಕಾರಣ ಹೊಳೆಯಲಿಲ್ಲ. ಇಷ್ಟಾದರೂ ಕೈ ಸಾಲದೆಂದು, ಎತ್ತರಿಸಿದ ಗೋಡೆಯ ಎರಡು ತುದಿಯಿಂದ ಒಳಕ್ಕೆ ಬಾಗಿದ ಅರ್ಧಚಂದ್ರದ ಇನ್ನೊಂದು ಗೋಡೆ ಕಟ್ಟಿದರು. ಹೊರಗಿನದು ಬಿದ್ದರೆ ವೈರಿ ಮತ್ತೆ ಮೊದಲಿನಿಂದ ದಿಬ್ಬ ಹಾಕಬೇಕು, ಅದೂ ಎರಡು ಪಕ್ಕದಿಂದ ಏಟು ತಿನ್ನುತ್ತಾ.

ಹೊರಗಿನವರು ಗೋಡೆ ಗುದ್ದುವ ದೂಲಗಳನ್ನು ತಂದರು. ಒಂದು ದೂಲ ಎತ್ತರಿಸಿದ ಭಾಗವನ್ನು ಚೆನ್ನಾಗಿಯೇ ಅಲುಗಿಸಿತು. ಕೆಲವನ್ನು ಒಳಗಿನವರು ಕುಣಿಕೆ ಹಾಕಿ ಮೇಲಕ್ಕೆಳೆದರು. ಉಳಿದವಕ್ಕೆ ಬೇರೆ ಉಪಾಯ. ಗೋಡೆಯಿಂದ ಹೊರಚಾಚಿದ ಎರಡು ಕಂಬಗಳಿಗೆ ಒಂದು ದಿಮ್ಮಿಯ ಎರಡೂ ತುದಿಯನ್ನು ಉದ್ದದ ಕಬ್ಬಿಣದ ಸರಪಳಿಯಲ್ಲಿ ತೂಗುಹಾಕಿದರು. ದೂಲ ಗುದ್ದಲು ಬಂದಾಗ ಸರಪಳಿ ಸಡಿಲ ಬಿಡುತ್ತಿದ್ದರು. ದಿಮ್ಮಿ ಅಡ್ಡಕ್ಕೆ ರಭಸದಿಂದ ಬಿದ್ದು ದೂಲದ ಮೂತಿ ಮುರಿಯುತ್ತಿತ್ತು.

ಕೊನೆಗೆ ಬೆಂಕಿ. ದಿಬ್ಬದ ಮೇಲಿಂದ ಒಣ ಸೌದೆಯ ಹೊರೆಗಳನ್ನು ಗೋಡೆಯ ಸಂದಿಗೂ ಊರೊಳಕ್ಕೂ ಎಸೆದು, ಗಂಧಕ, ರಾಳ ಹಾಕಿ ಹೊತ್ತಿಸಿದರು. ಮನುಷ್ಯರು ಹಚ್ಚಿದ ಅಷ್ಟು ದೊಡ್ಡ ಬೆಂಕಿಯನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲವಂತೆ. ಊರೊಳಕ್ಕೆ ಗಾಳಿ ಬೀಸಿದ್ದರೆ ಎಲ್ಲ ಬೂದಿಯಾಗುತ್ತಿತ್ತು. ಬೀಸಲಿಲ್ಲ. ಗುಡುಗುಮಳೆ ಬಂದು ನಂದಿತು ಎಂಬ ಮಾತೂ ಇದೆ.

ಇಷ್ಟೆಲ್ಲ ಆದ ಮೇಲೆ ಸ್ಪಾರ್ಟಾದವರು ಉಳಿದ ಒಂದೇ ಉಪಾಯಕ್ಕೆ ಬಂದರು, ಹಸಿವು. ಊರ ಸುತ್ತ ಎರಡು ಗೋಡೆ. ಒಂದು ಪ್ಲಟೀಯದ ಕಡೆಗೆ, ಇನ್ನೊಂದು ಅಥೆನ್ಸಿನಿಂದ ಬರಬಹುದಾದ ಸೇನೆಯ ಕಡೆಗೆ. ನಡುವೆ 16 ಅಡಿ, ಅಲ್ಲಿ ಕಾವಲಿನವರಿಗೆ ಕೋಣೆಗಳು. ಎರಡು ಕಡೆಗೂ ಕಂದಕ. ಅಲ್ಲಿ ತೆಗೆದ ಮಣ್ಣಿನಿಂದಲೇ ಇಟ್ಟಿಗೆ. ಗೋಡೆಯ ಮೇಲಂಚಿನಲ್ಲಿ ಕಾವಲಿನವರಿಗೆ ಮರೆಯಾಗಿ ಹಲ್ಲಿನ ಸಾಲಿನಂಥ ತೆನೆಗಳು; ಪ್ರತಿ ಹತ್ತು ತೆನೆಗೊಂದು ಮಾಡು ಹಾಕಿದ ಬುರುಜು. ಬುರುಜು ಗೋಡೆಯ ಪೂರ್ತಿ ಅಗಲಕ್ಕೆ ನಿಂತಿದ್ದರಿಂದ ಪಕ್ಕದಲ್ಲಿ ದಾರಿಯಿಲ್ಲ, ಅದರ ನಡುವೆಯೇ ಹಾದುಹೋಗಬೇಕು. ಈ ವಿವರವನ್ನು ನೆನಪಿಡಿ. ಸೆಪ್ಟೆಂಬರಿನ ಹೊತ್ತಿಗೆ ಕಟ್ಟಿ ಮುಗಿಸಿ, ಅರ್ಧ ಕಾವಲನ್ನು ಥೀಬ್ಸ್ ಕಡೆಯವರಿಗೆ ಬಿಟ್ಟು, ದೊಡ್ಡ ಸೇನೆ ಮನೆಗೆ ಹೋಯಿತು.

ಮರುವರ್ಷ, 428ರ ಚಳಿಗಾಲದಲ್ಲಿ, ದವಸ ತಳ ಕಂಡಿತು. ಥಿಯನೆಟಸ್ ಎಂಬ ಕಣಿ ಹೇಳುವವನೂ ಯೂಪಾಂಪಿಡಸ್ ಎಂಬ ದಳಪತಿಯೂ ಸೇರಿ ಗೋಡೆ ಹಾರಿ ಹೋಗುವ ಯೋಜನೆ ಹಾಕಿದರು. ಅರ್ಧ ಜನ ಅಂಜಿ ಹಿಂದೆ ಸರಿದರು. ಉಳಿದವರು ಸುಮಾರು 220. ಏಣಿ ಎಷ್ಟು ಉದ್ದ ಇರಬೇಕು? ವೈರಿಯ ಗೋಡೆಗೆ ಒಂದೆಡೆ ಗಾರೆ ಹಚ್ಚಿರಲಿಲ್ಲ, ಇಟ್ಟಿಗೆಯ ವರಸೆಗಳು ಕಾಣುತ್ತಿದ್ದವು. ಹಲವಾರು ಜನ ಹಲವು ಬಾರಿ ಎಣಿಸಿದರು. ಒಬ್ಬಿಬ್ಬರು ತಪ್ಪಬಹುದು, ಹೆಚ್ಚಿನವರ ಲೆಕ್ಕ ಸರಿ ಇದ್ದೇ ಇರುತ್ತದೆ. ಒಂದು ಇಟ್ಟಿಗೆಯ ದಪ್ಪದಿಂದ ಗುಣಿಸಿ ಎತ್ತರ ತೆಗೆದರು.

ಚಂದ್ರನಿಲ್ಲದ ರಾತ್ರಿ, ಮಳೆ, ಗಾಳಿ. ಅಂಥ ರಾತ್ರಿ ಕಾವಲಿನವರು ತೆನೆ ಬಿಟ್ಟು ಬುರುಜಿನ ಮಾಡಿನಡಿ ಸೇರಿಕೊಳ್ಳುತ್ತಾರೆ ಎಂದು ಅವರು ಗಮನಿಸಿದ್ದರು. ಆಯುಧಕ್ಕೆ ಆಯುಧ ತಾಗಿ ಸದ್ದಾಗದಂತೆ ದೂರ ದೂರ ನಡೆದರು. ಕೆಸರಿನಲ್ಲಿ ಹಿಡಿತ ಸಿಗಲೆಂದು ಎಡಗಾಲಿಗೆ ಮಾತ್ರ ಮೆಟ್ಟು. ಏಣಿಯವರು ಮುಂದೆ, ಅವರ ಹಿಂದೆ ಕಠಾರಿ, ಎದೆಗವಚದ 12 ಜನ, ಅಕ್ಕಪಕ್ಕದ ಎರಡು ಬುರುಜಿಗೆ ತಲಾ ಆರು. ಅವರ ಹಿಂದೆ ಈಟಿಯವರು. ಹತ್ತಲು ಹಗುರವಾಗಲೆಂದು ಅವರ ಗುರಾಣಿಗಳು ಹಿಂದಿನವರ ಕೈಯಲ್ಲಿ. ಬಹಳ ಜನ ಮೇಲೆ ಬಂದಾದ ಮೇಲೆ ಯಾರದೋ ಕೈ ತಾಗಿ ತೆನೆಯ ಹೆಂಚೊಂದು ಕೆಳಗೆ ಬಿತ್ತು.

ಕೂಗು ಎದ್ದಿತು. ಆದರೆ ಎರಡು ಬುರುಜಿನ ನಡುದಾರಿಗಳು ಆಗಲೇ ಪ್ಲಟೀಯದವರ ವಶದಲ್ಲಿದ್ದವು. ಗೋಡೆಯ ಮೇಲಿನಿಂದ ಯಾರೂ ಬರುವ ಹಾಗಿಲ್ಲ. ಊರಲ್ಲಿ ಉಳಿದವರು ಎದುರು ದಿಕ್ಕಿನಲ್ಲಿ ಸುಳ್ಳು ದಾಳಿ ನಡೆಸಿದರು. ವೈರಿಗಳು ಥೀಬ್ಸಿಗೆ ಬೆಂಕಿಯ ಸನ್ನೆ ಮಾಡಿದಾಗ, ಒಳಗಿನವರು ಮೊದಲೇ ಸಿದ್ಧ ಮಾಡಿಟ್ಟ ಪಂಜುಗಳನ್ನು ತಮ್ಮ ಗೋಡೆಯ ಮೇಲೂ ಎತ್ತಿ ಸನ್ನೆಯನ್ನೇ ಕಲಸಿಬಿಟ್ಟರು. 300 ಜನರ ಮೀಸಲು ಪಡೆ ಪಂಜು ಹಿಡಿದು ಹೊರಗೋಡೆಯ ಕಡೆ ಓಡಿಬಂತು. ಪಂಜು ಹಿಡಿದವನು ಕತ್ತಲಲ್ಲಿದ್ದವನಿಗೆ ಒಳ್ಳೆಯ ಗುರಿ. ಕಂದಕದ ಅಂಚಿನಿಂದ ಪ್ಲಟೀಯದವರು ಅವರ ಮೇಲೆ ಬಾಣ, ಈಟಿ ಬಿಟ್ಟರು. ಕಂದಕದ ನೀರಿನ ಮೇಲೆ ತೆಳ್ಳನೆ ಹಿಮ, ಕಾಲಿಟ್ಟರೆ ಒಡೆಯುವಂಥದ್ದು, ನೀರು ಕತ್ತಿನ ಮಟ್ಟಕ್ಕೆ. ದಾಟಿದವರು ಅಥೆನ್ಸಿನ ಕಡೆಗಲ್ಲ, ಥೀಬ್ಸಿನ ದಾರಿಯಲ್ಲಿ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ನಡೆದರು. ವೈರಿಯ ಪಂಜುಗಳು ಬೆಟ್ಟದ ದಾರಿಯಲ್ಲಿ ಹುಡುಕುತ್ತಾ ಹೋಗುವುದು ಅಲ್ಲಿಂದಲೇ ಕಾಣುತ್ತಿತ್ತು. ಆಮೇಲೆ ತಿರುಗಿ ಬೆಟ್ಟ ಹತ್ತಿದರು. ಅಥೆನ್ಸ್ ಮುಟ್ಟಿದವರು 212 ಜನ.

ಉಳಿದವರು 427ರ ಬೇಸಿಗೆಯವರೆಗೆ ತಡೆದರು. ಆಗ ಸ್ಪಾರ್ಟಾದ ಸೇನಾಪತಿ ಲಗ್ಗೆ ಹಾಕಿ ಗೆಲ್ಲಬಹುದಿತ್ತು, ಬೇಕೆಂದೇ ಹಾಕಲಿಲ್ಲ. ಮುಂದೆ ಸಂಧಿಯಾಗಿ, ಬಲದಿಂದ ಹಿಡಿದ ಊರುಗಳನ್ನು ಹಿಂದಿರುಗಿಸಬೇಕು ಎಂದಾದರೆ, ಇದು ತಾನಾಗಿ ಶರಣಾದ ಊರು ಎನ್ನಬಹುದಲ್ಲ! ನ್ಯಾಯವಾಗಿ ವಿಚಾರಣೆ ಮಾಡುತ್ತೇವೆ ಎಂದು ಒಪ್ಪಿಸಿಕೊಂಡರು. ಸ್ಪಾರ್ಟಾದಿಂದ ಐವರು ನ್ಯಾಯಾಧೀಶರು ಬಂದು ಒಂದೇ ಪ್ರಶ್ನೆ ಕೇಳಿದರು: ಈ ಯುದ್ಧದಲ್ಲಿ ಸ್ಪಾರ್ಟಾಕ್ಕೂ ಅದರ ಮಿತ್ರರಿಗೂ ನೀವು ಏನಾದರೂ ಉಪಕಾರ ಮಾಡಿದ್ದೀರಾ? ಇಲ್ಲ ಎಂದವನನ್ನು ಒಬ್ಬೊಬ್ಬನಾಗಿ ಕರೆದೊಯ್ದು ಕೊಂದರು. 200ಕ್ಕೆ ಕಡಿಮೆಯಿಲ್ಲದಷ್ಟು ಪ್ಲಟೀಯದವರು, 25 ಅಥೆನ್ಸಿನವರು. ಹೆಂಗಸರನ್ನು ಗುಲಾಮರನ್ನಾಗಿ ಮಾರಿದರು. ಮುಂದೆ ಊರನ್ನು ಬುಡಸಮೇತ ಕೆಡವಿ, ಹೀರಾ ದೇವಿಯ ಗುಡಿಯ ಬಳಿ ಪ್ರತಿ ಪಕ್ಕಕ್ಕೂ 200 ಅಡಿಯ ಒಂದು ಛತ್ರ ಕಟ್ಟಿ, ಹೊಲಗಳನ್ನು ಹತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದವರು ಥೀಬ್ಸಿನವರು.

ಅಥೆನ್ಸ್ ಉಳಿದ ಪ್ಲಟೀಯದವರಿಗೆ ಪೌರತ್ವ ಕೊಟ್ಟಿತು. 421ರಲ್ಲಿ ತನ್ನ ಒಕ್ಕೂಟ ಬಿಟ್ಟಿದ್ದ ಸೈಯೋನಿ ಎಂಬ ಊರನ್ನು ಮುತ್ತಿಗೆಯಿಂದ ಗೆದ್ದು, ಅಲ್ಲಿಯ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿಸಿ, ಆ ನೆಲವನ್ನು ಇದೇ ಪ್ಲಟೀಯದವರಿಗೆ ಹಂಚಿತು. ಪ್ಲಟೀಯ ಮತ್ತೆ ಎದ್ದದ್ದು 386ರ ಒಪ್ಪಂದದ ನಂತರ; 373ರ ಹೊತ್ತಿಗೆ ಥೀಬ್ಸ್ ಅದನ್ನು ಮತ್ತೆ ಕೆಡವಿತು. 335ರಲ್ಲಿ ದಂಗೆಯೆದ್ದ ಥೀಬ್ಸನ್ನು ಅಲೆಕ್ಸಾಂಡರ್ ಹಿಡಿದಾಗ, ಆ ಊರನ್ನು ಏನು ಮಾಡಬೇಕೆಂಬ ತೀರ್ಮಾನವನ್ನು ತನ್ನ ಜೊತೆಗಿದ್ದ ಗ್ರೀಕ್ ಮಿತ್ರರಿಗೆ ಬಿಟ್ಟ. ನೆಲಸಮ ಮಾಡಿ, ಜನರನ್ನು ಗುಲಾಮರನ್ನಾಗಿ ಮಾರಿ ಎಂದು ಅವರು ತೀರ್ಮಾನಿಸಿದರು. ಆ ಮಿತ್ರರಲ್ಲಿ ಪ್ಲಟೀಯದವರೂ ಇದ್ದರು.

ನಮಸ್ಕಾರ.