ಹಲ್ಲಿನ ಕಲೆ ಕೊಳೆಯಲ್ಲ, ನೀರಿನದು

ಕೇಳುಗ ಬಂಧುಗಳಿಗೆ ನಮಸ್ಕಾರ. ಸೌಂದರ್ಯದ ಕಲ್ಪನೆ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಬಾನುಲಿಯವರು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ದಂತವೈದ್ಯೆ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಜನರ ಬಾಯಿಯನ್ನು ನೋಡುತ್ತಲೇ ನನ್ನ ವೃತ್ತಿಜೀವನ ಸಾಗಿದೆ. ಆದ್ದರಿಂದ ಮುಖದ ಬಣ್ಣ, ಕೂದಲು, ಉಡುಪುಗಳ ಮಾತನ್ನು ಬೇರೆಯವರಿಗೆ ಬಿಟ್ಟು, ಹಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಈ ಹೊತ್ತಿನಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ ರೇಡಿಯೊ ಕೇಳುತ್ತಿರುವ ತಾಯಂದಿರಿಗಾಗಿಯೇ ಈ ಮಾತು. ನಾನು ಹೇಳಬೇಕಾದದ್ದು ಒಂದೇ ಸಂಗತಿ: ನಮ್ಮ ಸೀಮೆಯ ಜನರ ಹಲ್ಲಿನ ಮೇಲಿರುವ ಕಂದು ಕಲೆ ಕೊಳೆಯಲ್ಲ. ಅದು ಕುಡಿದ ನೀರಿನ ಗುರುತು.

ಒಮ್ಮೆ ಒಂದೇ ಮನೆಯ ಮೂವರು ಹೆಣ್ಣುಮಕ್ಕಳು ಒಟ್ಟಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅಜ್ಜಿ, ತಾಯಿ, ಮಗಳು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು; ಅಷ್ಟರೊಳಗೆ ಅವಳ ಹಲ್ಲು ಬೆಳ್ಳಗಾಗಬೇಕೆಂಬುದು ಮನೆಯವರ ಬೇಡಿಕೆಯಾಗಿತ್ತು. ಅವಳ ಬಾಯಿಯನ್ನು ನೋಡಿದೆ. ಹುಳುಕಿಲ್ಲ, ಕಲೆಯಿಲ್ಲ, ಒಸಡು ಆರೋಗ್ಯವಾಗಿದೆ. ತಂದೆಯ ಕೆಲಸದ ಕಾರಣದಿಂದ ಆಕೆ ಹುಟ್ಟಿನಿಂದಲೂ ಬೆಂಗಳೂರಿನಲ್ಲಿ ಕಾವೇರಿ ನೀರು ಕುಡಿದು ಬೆಳೆದವಳು. ಆರೋಗ್ಯವಂತ ಹಲ್ಲಿಗೆ ಇರಬೇಕಾದ ತಿಳಿಹಳದಿ ಛಾಯೆ ಅವಳ ಹಲ್ಲಿಗೂ ಇತ್ತು. ಆದರೂ ಮೊಬೈಲಿನಲ್ಲಿ ತಿದ್ದಿದ ತನ್ನದೇ ಚಿತ್ರವನ್ನು ತೋರಿಸಿ, ಹಲ್ಲು ಹೀಗೆಯೇ ಕಾಣಬೇಕು ಎಂದಳು.

ಅಜ್ಜಿಯ ಬಾಯಿ ಎಲೆ ಅಡಿಕೆಯಿಂದ ಕೆಂಪಾಗಿ, ಹಲ್ಲುಗಳು ಕಪ್ಪಿಗೆ ತಿರುಗಿದ್ದವು. ಆಕೆಗೆ ಅದರ ಬಗ್ಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ತಮ್ಮ ಕಾಲದಲ್ಲಿ ಎಲೆ ಹಾಕಿಕೊಂಡಾಗ ಬಾಯಿ ಚೆನ್ನಾಗಿ ಕೆಂಪೇರಿದರೆ ಗಂಡನಿಗೆ ಅವಳ ಮೇಲೆ ಆಸೆ ಹೆಚ್ಚು ಎನ್ನುತ್ತಿದ್ದರೆಂದೂ, ಅದನ್ನೇ ಚೆಲುವೆಂದು ತಿಳಿದಿದ್ದರೆಂದೂ ಮೊಮ್ಮಗಳಿಗೆ ವಿವರಿಸಿದರು. ಅಜ್ಜಿ ಹೇಳಿದ್ದು ನಿಜ. ಬಿಳಿಯ ಹಲ್ಲೇ ಚೆಲುವು ಎಂಬುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ನಿಯಮವಲ್ಲ. ಜಪಾನಿನಲ್ಲಿ ಮದುವೆಯಾದ ಹೆಂಗಸರು 19ನೆಯ ಶತಮಾನದಲ್ಲಿಯೂ ಹಲ್ಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅಜ್ಜಿಯ ಹಲ್ಲನ್ನು ಯಂತ್ರದಿಂದ ಸ್ವಚ್ಛಗೊಳಿಸಿದಾಗ ನನಗೆ ಕಂಡದ್ದೇ ಬೇರೆ. ಎಲೆಯ ಕರೆಯೆಲ್ಲ ಹೋದ ಮೇಲೆ ಒಳಗಿನ ಎನಾಮೆಲ್, ಅಂದರೆ ಹಲ್ಲಿನ ಹೊರಕವಚ, ಒಂದು ಕಲೆಯೂ ಇಲ್ಲದೆ ನಯವಾಗಿತ್ತು. ಆಕೆ ಬಾಲ್ಯದಲ್ಲಿ ಕುಡಿದದ್ದು ಊರಿನ ತೆರೆದ ಬಾವಿಯ ನೀರು.

ಇಷ್ಟು ಹೊತ್ತೂ ತಾಯಿ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಅವರು ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ, ತೆರೆದ ಬಾವಿ ಬತ್ತಿ ಕೊಳವೆಬಾವಿಯ ಕೈಪಂಪು ಬಂದ ಮೇಲೆ ಹುಟ್ಟಿದವರು. ಒತ್ತಾಯಿಸಿ ಕುಳ್ಳಿರಿಸಿ ನೋಡಿದರೆ, ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಪಟ್ಟಿಗಳು, ನಡುವೆ ಸುಣ್ಣದಂಥ ಬಿಳಿ ಮಚ್ಚೆಗಳು. ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಯವರು ಹಲ್ಲುಜ್ಜಲು ಬಾರದವಳು ಎಂದು ಆಡಿಕೊಂಡರಂತೆ. ಅಂದಿನಿಂದ ಅವರು ಉಪ್ಪು, ಇದ್ದಿಲು, ಇಟ್ಟಿಗೆ ಪುಡಿಗಳಿಂದ ವರ್ಷಗಟ್ಟಲೆ ತಿಕ್ಕಿದ್ದಾರೆ. ಕಲೆ ಹೋಗಲಿಲ್ಲ, ಎನಾಮೆಲ್ ಸವೆಯಿತು. ಈಗ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ. ಇದು ಕೊಳೆಯಲ್ಲ, ಫ್ಲೋರೈಡ್ ಇರುವ ನೀರಿನಿಂದ ಬಂದದ್ದು ಎಂದು ನಾನು ಹೇಳಿದಾಗ, "ಹಾಗಾದರೆ ನಾನು ಸರಿಯಾಗಿ ಉಜ್ಜಲಿಲ್ಲ ಅಂತಲ್ಲವಾ ಡಾಕ್ಟ್ರೇ?" ಎಂದು ಕೇಳಿದರು. ಅಲ್ಲವೆಂದೆ. ಸ್ವಲ್ಪ ಹೊತ್ತಿನ ನಂತರ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಮಗಳ ಹಲ್ಲಿಗೆ ನಾನು ಕೈ ಹಚ್ಚಲಿಲ್ಲ. ಚಿಕಿತ್ಸೆ ನಡೆದದ್ದು ತಾಯಿಗೆ. ಮೇಲ್ಪದರದ ಕಲೆಯನ್ನು ನವಿರಾಗಿ ತೆಗೆದು, ಆಳವಾದ ಕಡೆ ಹಲ್ಲಿನ ಬಣ್ಣದ ಲೇಪ ಹಾಕಿದೆ.

ಒಂದೇ ರಕ್ತ, ಒಂದೇ ಮನೆ, ಮೂರು ನೀರು. ಉಜ್ಜುವುದರಲ್ಲಿ ಯಾರಿಗಿಂತಲೂ ಹೆಚ್ಚು ಶ್ರಮಪಟ್ಟವರ ಹಲ್ಲಿನಲ್ಲಿಯೇ ಕಲೆ ಉಳಿದಿತ್ತು. ಕಲೆ ಕೊಳೆಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇಕಿಲ್ಲ.

ಈಗ ಕಾರಣಕ್ಕೆ ಬರೋಣ. ನಮ್ಮ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳೂ ತೆರೆದ ಬಾವಿಗಳೂ ಬತ್ತಿದಂತೆ ನಾವು ಗ್ರಾನೈಟ್ ಬಂಡೆಯನ್ನು ಕೊರೆಯುತ್ತಾ ಸಾವಿರ ಅಡಿಗೂ ಕೆಳಗೆ ಇಳಿದಿದ್ದೇವೆ. ಆ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇದೆ; ಬಹುಕಾಲ ಬಂಡೆಯ ಸಂಪರ್ಕದಲ್ಲಿ ನಿಂತ ನೀರಿಗೆ ಅದು ಇಳಿಯುತ್ತದೆ. ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಮಿತಿಮೀರಿದ ಫ್ಲೋರೈಡ್ ಒಳಗೆ ಹೋದರೆ ಎನಾಮೆಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಹಲ್ಲು ಒಸಡಿನಿಂದ ಹೊರಬರುವ ಮೊದಲೇ ಕೆಡುಕು ನಡೆದುಹೋಗಿರುತ್ತದೆ. ಇನ್ನೂ ಮೊಳೆಯದ ಹಲ್ಲನ್ನು ಯಾವ ತಾಯಿ ತಾನೇ ಉಜ್ಜಿಸಬಲ್ಲಳು? ಹೀಗಿದ್ದೂ ಶಾಲೆಯಲ್ಲಿ ಮಕ್ಕಳನ್ನು ಎಲ್ಲರ ಮುಂದೆ ನಿಲ್ಲಿಸಿ, ಹಲ್ಲುಜ್ಜಿ ಬಾ ಎಂದು ಗದರುವುದನ್ನು ನಾನು ಕೇಳಿದ್ದೇನೆ. ಅಂಥ ಉಪಾಧ್ಯಾಯರು ಈ ಮಾತನ್ನು ಕೇಳುತ್ತಿದ್ದರೆ ದಯವಿಟ್ಟು ನಾಳೆಯಿಂದಲೇ ಅದನ್ನು ನಿಲ್ಲಿಸಬೇಕು.

ಇದು ನಮ್ಮ ಸೀಮೆಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿಯ ಜನರ ಕಂದು ಹಲ್ಲುಗಳನ್ನು ಕಂಡು ಕಾರಣ ಹುಡುಕತೊಡಗಿದರು. ನೀರಿನಲ್ಲಿರುವ ಫ್ಲೋರೈಡ್ ಇದಕ್ಕೆ ಕಾರಣವೆಂದು ತಿಳಿದದ್ದು 1931ರಲ್ಲಿ. ಅದಾಗಿ 90 ವರ್ಷಗಳು ಕಳೆದಿವೆ. ನಾವು ಇನ್ನೂ ಹೆಣ್ಣುಮಕ್ಕಳ ಹಲ್ಲು ನೋಡಿ ಸಂಬಂಧ ಬೇಡವೆನ್ನುತ್ತಿದ್ದೇವೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ಯುವಜನರಿಗೆ ಒಂದು ಮಾತು. ಹಲ್ಲಿನ ಬಣ್ಣ ಹೊಂದಿಸಲು ದಂತವೈದ್ಯರು ಬಹುಕಾಲದಿಂದ ಬಳಸುತ್ತಿರುವ ಪಟ್ಟಿಯಲ್ಲಿ 16 ಛಾಯೆಗಳಿವೆ; ಅವುಗಳಲ್ಲಿ ಒಂದೂ ಕಾಗದದ ಬಿಳುಪಿನದಲ್ಲ. ಎನಾಮೆಲ್ ಅರೆಪಾರದರ್ಶಕ, ಅದರ ಕೆಳಗಿನ ದಂತದ್ರವ್ಯ ಹಳದಿ, ಆದ್ದರಿಂದ ಹಲ್ಲು ತಿಳಿಹಳದಿಯಾಗಿ ಕಾಣುವುದು ಸಹಜ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನಷ್ಟು ಬಿಳಿಯ ಛಾಯೆಗಳನ್ನು ಸೇರಿಸಲಾಗಿದೆ. ಅವು ಹಲ್ಲಿನಿಂದ ಬಂದವಲ್ಲ, ಬೇಡಿಕೆಯಿಂದ ಬಂದವು. ಫ್ಲೋರೈಡ್ ಕಲೆಯಿರುವವರು ಅಂಗಡಿಯಲ್ಲಿ ಸಿಗುವ ಬಿಳುಪಿನ ಪುಡಿಗಳನ್ನು ತಾವಾಗಿಯೇ ಬಳಸಬಾರದು. ಅಜ್ಜಿಯರಿಗೂ ಒಂದು ಮಾತು: ಕೆಂಪು ಬಾಯಿಯ ಚೆಲುವನ್ನು ನಾನು ಹೀಗಳೆಯುತ್ತಿಲ್ಲ, ಆದರೆ ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡಮಾಡದೆ ತೋರಿಸಿ.

ಕಡೆಯದಾಗಿ ನೀರಿನ ವಿಷಯ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ, ಆ ಕ್ಯಾನಿನ ನೀರನ್ನು ದೊಡ್ಡವರ ಕಾಫಿಗೆ ಬಳಸುವ ಮೊದಲು 8 ವರ್ಷದೊಳಗಿನ ಮಕ್ಕಳಿಗೆ ಮೀಸಲಿಡಿ. ಕುಡಿಯಲು ಮಾತ್ರವಲ್ಲ, ಮಗುವಿನ ರಾಗಿ ಸರಿ ಕಾಯಿಸಲು, ಅನ್ನ ಬೇಯಿಸಲು, ಹಾಲಿನ ಪುಡಿ ಕಲಸಲು ಅದೇ ನೀರನ್ನು ಬಳಸಿ. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯನ್ನು ಕೇಳಿ, ಕೇಳುತ್ತಲೇ ಇರಿ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆಯೆಂದು ತಿಳಿಯದಿದ್ದರೆ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರನ್ನು ತುಂಬಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೊಡಿ. ನಮಸ್ಕಾರ.